ಹಟಮಾರಿ ದಿಮ್ಮಿಗಳನ್ನು ಮನೆಮಂದಿ ಸೇರಿ ಸೀಳುವುದು ಹೇಗೆ?

ನೇರ ನಾರಿನ ದಿಮ್ಮಿ ಸೀಳಲು ಯಾರ ಸಲಹೆಯೂ ಬೇಕಿಲ್ಲ. ಕೊಡಲಿ ಬಿದ್ದ ಕಡೆ ಎರಡು ಹೋಳಾಗುತ್ತದೆ. ತೊಂದರೆ ಕೊಡುವುದು ಎಲ್ಲ ಸೀಳಿ ಮುಗಿದ ಮೇಲೂ ಮೂಲೆಯಲ್ಲಿ ಉಳಿದುಬಿಡುವ ತುಂಡುಗಳು: ಬುಡದ ತುಂಡು, ಕವಲಿನ ತುಂಡು, ಗಂಟು ತುಂಬಿದ ಹುಣಸೆ, ಒಣಗಿ ಕಲ್ಲಾದ ಜಾಲಿ. ಇವುಗಳ ಮೇಲೆ ಕೊಡಲಿ ಒಂದೋ ಪುಟಿಯುತ್ತದೆ, ಇಲ್ಲವೇ ಕಚ್ಚಿಕೊಂಡು ಹೊರಗೆ ಬರುವುದೇ ಇಲ್ಲ. ಆಗ ಹೆಚ್ಚಿನವರು ಇನ್ನಷ್ಟು ಜೋರಾಗಿ ಹೊಡೆಯಲು ಹೋಗುತ್ತಾರೆ. ಕೊಡಲಿಯ ಕಾವು ಮುರಿಯುತ್ತದೆ, ಸೊಂಟ ಹಿಡಿಯುತ್ತದೆ, ದಿಮ್ಮಿ ಇದ್ದ ಹಾಗೇ ಇರುತ್ತದೆ.

ಇಂಥ ದಿಮ್ಮಿಗೆ ತೋಳಿನ ಬಲಕ್ಕಿಂತ ಏಟು ಬೀಳುವ ಜಾಗ ಮುಖ್ಯ. ಆದ್ದರಿಂದ ಇದನ್ನು ಮನೆಯ ಒಬ್ಬ ಗಟ್ಟಿಗನ ತಲೆಗೆ ಕಟ್ಟಬೇಕಿಲ್ಲ. ದಿಮ್ಮಿಯ ನಾರು ನೋಡಿ ಗೆರೆ ಹಾಕುವವರು, ತಂದು ನಿಲ್ಲಿಸುವವರು, ಹೊಡೆಯುವವರು, ಒಟ್ಟುವವರು ಎಂದು ಹಂಚಿಕೊಂಡರೆ ಕೆಲಸ ಬೇಗ ಸಾಗುತ್ತದೆ, ಗಾಯದ ಭಯವೂ ಕಡಿಮೆ.

ದಿಮ್ಮಿ ಏಕೆ ಬಿಡುವುದಿಲ್ಲ

ಮರದ ನಾರು ಬುಡದಿಂದ ತುದಿಯ ಕಡೆಗೆ ಓಡುತ್ತದೆ. ಸೀಳುವಾಗ ನಾವು ನಾರನ್ನು ಕತ್ತರಿಸುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ನಾರುಗಳನ್ನು ಅಗಲಿಸುತ್ತೇವೆ. ಇದರ ಜೊತೆಗೆ, ನಡುವಿನ ತಿರುಳಿನಿಂದ ತೊಗಟೆಯ ಕಡೆಗೆ ಸಣ್ಣ ಗೆರೆಗಳು ಹರಡಿರುತ್ತವೆ. ಆ ಗೆರೆಗಳ ಗುಂಟ ಮರ ಸುಲಭವಾಗಿ ಬಿರಿಯುತ್ತದೆ. ಒಣಗಿದ ದಿಮ್ಮಿಯ ಕತ್ತರಿಸಿದ ಮುಖದಲ್ಲಿ ಬಿರುಕುಗಳು ನಡುವಿನಿಂದ ಅಂಚಿಗೆ ಹೊರಟಿರುವುದು ಇದೇ ಕಾರಣಕ್ಕೆ. ಮೊದಲ ಏಟಿಗೆ ದಾರಿ ತೋರಿಸುವುದೂ ಆ ಬಿರುಕುಗಳೇ.

ಹುಣಸೆ, ಬೇವು, ಹಲವು ಜಾತಿಯ ನೀಲಗಿರಿ ಇವುಗಳಲ್ಲಿ ಲೆಕ್ಕ ಬೇರೆ. ಕೆಲವು ವರ್ಷ ಬೆಳೆದ ಪದರದ ನಾರು ಎಡಕ್ಕೆ ಓರೆಯಾಗಿದ್ದರೆ, ಮುಂದಿನ ಕೆಲವು ವರ್ಷದ ಪದರದ್ದು ಬಲಕ್ಕೆ ಓರೆಯಾಗಿರುತ್ತದೆ. ನಡುವಿನಲ್ಲಿ ಹೊಡೆದರೆ ಬಿರುಕು ಈ ಎಲ್ಲ ಪದರಗಳನ್ನೂ ಅಡ್ಡ ಹಾಯಬೇಕು, ಪ್ರತಿ ಪದರವೂ ಅದನ್ನು ತನ್ನ ಕಡೆಗೆ ಎಳೆಯುತ್ತದೆ. ಅದರ ಬದಲು ಅಂಚಿನಿಂದ ಹಲಗೆಯಂತೆ ಒಂದೊಂದೇ ಪಟ್ಟಿ ಎಬ್ಬಿಸಿದರೆ ಬಿರುಕು ಒಂದೆರಡು ಪದರಗಳೊಳಗೇ ಓಡಿ ಮುಗಿಯುತ್ತದೆ. ಮುಂದೆ ಹೇಳುವ ಕ್ರಮದ ಅರ್ಧಭಾಗ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಗಂಟು ಎಂದರೆ ಕೊಂಬೆಯ ಬುಡ. ಅಲ್ಲಿ ಕೊಂಬೆಯ ನಾರು ಕಾಂಡದ ನಾರಿಗೆ ಅಡ್ಡ ಹೊಕ್ಕಿರುತ್ತದೆ. ಬುಡದ ತುಂಡಿನಲ್ಲಿ ನಾರು ಬೇರಿನ ಕಡೆಗೆ ಬಾಗಿರುತ್ತದೆ. ತೊಗಟೆಯ ಗೀರುಗಳು ತಿರುಪಿನಂತೆ ಓರೆಯಾಗಿ ಏರಿದ್ದರೆ ಒಳಗಿನ ನಾರೂ ಹಾಗೇ ತಿರುಚಿಕೊಂಡಿದೆ ಎಂದು ತಿಳಿಯಿರಿ. ಅಂಥ ತುಂಡು ಸೀಳುತ್ತದೆ, ಆದರೆ ಸೀಳು ನೇರವಾಗಿ ಬರುವುದಿಲ್ಲ. ಅದರ ದಾರಿಗೆ ಅದನ್ನು ಬಿಡಿ.

ಹಸಿ ಇದ್ದಾಗ ಸೀಳಬೇಕೋ ಒಣಗಿದ ಮೇಲೋ ಎಂಬ ವಾದಕ್ಕೆ ಎಲ್ಲ ಮರಕ್ಕೂ ಹೊಂದುವ ಉತ್ತರವಿಲ್ಲ. ನೀಲಗಿರಿ, ಜಾಲಿಯಂಥವು ಒಣಗಿದಷ್ಟೂ ಬಿಗಿಯುತ್ತವೆ, ಆದ್ದರಿಂದ ಕಡಿದ ಹೊಸದರಲ್ಲೇ ಸೀಳುವುದು ಲೇಸು. ಹಸಿಯಲ್ಲಿ ಬರೀ ಎಳೆ ಎಳೆಯಾಗಿ ಜಗ್ಗುವ ಮರಗಳು ಕೆಲವು ವಾರ ಬಿಟ್ಟು, ಕತ್ತರಿಸಿದ ಮುಖದಲ್ಲಿ ಬಿರುಕು ಕಂಡ ಮೇಲೆ ಮಣಿಯುವುದುಂಟು. ಒಂದೇ ಮರದ ಎರಡು ತುಂಡು ತೆಗೆದುಕೊಂಡು ಒಂದನ್ನು ಈಗ, ಇನ್ನೊಂದನ್ನು ಬಿರುಕು ಬಿಟ್ಟ ಮೇಲೆ ಸೀಳಿ ನೋಡಿದರೆ ಉಳಿದ ರಾಶಿಗೆ ಯಾವುದು ಸರಿ ಎಂದು ಗೊತ್ತಾಗುತ್ತದೆ.

ಮರವನ್ನು ನೀವೇ ತುಂಡು ಮಾಡಿಸುತ್ತಿದ್ದರೆ ಅರ್ಧ ಕಷ್ಟ ಗರಗಸದಲ್ಲೇ ತಪ್ಪುತ್ತದೆ. ನೇರ ಭಾಗಕ್ಕೆ 40 ಸೆಂ.ಮೀ. ಉದ್ದ ನಡೆಯುತ್ತದೆ, ಗಂಟಿನ ಭಾಗವನ್ನು 25ರಿಂದ 30 ಸೆಂ.ಮೀ.ಗೆ ಇಳಿಸಿ. ಸಾಧ್ಯವಿದ್ದರೆ ಗರಗಸ ಗಂಟಿನ ನಡುವೆಯೇ ಹಾಯಲಿ. ಆಗ ಗಂಟು ತುಂಡಿನ ಹೊಟ್ಟೆಯಲ್ಲಿ ಉಳಿಯದೆ ತುದಿಗೆ ಬರುತ್ತದೆ.

ಸಲಕರಣೆ

ಸೀಳಲು ಬೇಕಾದದ್ದು ಮರ ಕಡಿಯುವ ತೆಳು ಬಾಯಿಯ ಕೊಡಲಿ ಅಲ್ಲ. ತಲೆ ದಪ್ಪಗೆ ಬೆಣೆಯ ಆಕಾರದಲ್ಲಿರುವ ಸೀಳುಗೊಡಲಿ ಬೇಕು. ತಲೆಯ ತೂಕ 2.5ರಿಂದ 3.5 ಕಿಲೋ, ಕಾವು 80ರಿಂದ 90 ಸೆಂ.ಮೀ. ಹೆಚ್ಚಿನವರಿಗೆ ಇದರಲ್ಲಿ ಹಗುರವಾದದ್ದೇ ಸಾಕು. ಏಟಿನ ಶಕ್ತಿ ತೂಕ ಇಮ್ಮಡಿಯಾದರೆ ಇಮ್ಮಡಿ, ವೇಗ ಇಮ್ಮಡಿಯಾದರೆ ನಾಲ್ಮಡಿ. ಎತ್ತಲು ಏದುಸಿರು ಬರಿಸುವ ಕೊಡಲಿಯಿಂದ ವೇಗ ಹುಟ್ಟುವುದಿಲ್ಲ.

ಕಬ್ಬಿಣದ ಬೆಣೆ ಕನಿಷ್ಠ ಎರಡು, ಮೂರಿದ್ದರೆ ಒಳ್ಳೆಯದು, ಒಂದೊಂದೂ ಸುಮಾರು 2 ಕಿಲೋ. ಒಂದೇ ಬೆಣೆ ಇಟ್ಟುಕೊಂಡು ಗಟ್ಟಿ ದಿಮ್ಮಿಗೆ ಕೈ ಹಾಕಬೇಡಿ. ಅದು ಕಚ್ಚಿಕೊಂಡರೆ ಬಿಡಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಬೆಣೆ ಹೊಡೆಯಲು 3.5ರಿಂದ 4.5 ಕಿಲೋ ತೂಕದ ಸಮ್ಮಟಿಗೆ, ಬೆಣೆ ನಿಲ್ಲಿಸಲು ಸಣ್ಣ ಸುತ್ತಿಗೆ, ಬಿಡದ ಎಳೆಗಳನ್ನು ಕಡಿಯಲು ಕೈಗೊಡಲಿ, ದಿಮ್ಮಿ ಉರುಳಿಸಲು ಹಾರೆ. ಇವುಗಳ ಜೊತೆ ಒಣಗಿದ ಗಟ್ಟಿ ಮರದಿಂದ 25–30 ಸೆಂ.ಮೀ. ಉದ್ದದ ಮೂರ್ನಾಲ್ಕು ಮರದ ಬೆಣೆ ಮಾಡಿಟ್ಟುಕೊಳ್ಳಿ. ಸಿಕ್ಕಿಬಿದ್ದ ಕಬ್ಬಿಣವನ್ನು ಬಿಡಿಸಲು ಇವಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ತುಂಡಿನ ಕೆಳಗೆ ಇಡುವ ಕೊರಡು 30ರಿಂದ 40 ಸೆಂ.ಮೀ. ಎತ್ತರ, ಸೀಳುವ ತುಂಡಿಗಿಂತ ಅಗಲ ಇರಲಿ. ಅದಕ್ಕೂ ಎತ್ತರವಾದರೆ ಕೊಡಲಿ ಪೂರ್ತಿ ವೇಗ ಪಡೆಯುವ ಮುಂಚೆಯೇ ಮರ ಮುಟ್ಟುತ್ತದೆ. 45 ಸೆಂ.ಮೀ.ಗಿಂತ ಅಗಲದ ದಿಮ್ಮಿಯನ್ನು ಕೊರಡಿನ ಮೇಲೆ ಎತ್ತುವ ಸಾಹಸ ಬೇಡ. ಸಮತಟ್ಟಾದ ಮಣ್ಣಿನ ಮೇಲೆ ನಿಲ್ಲಿಸಿ ಸೀಳಿ. ಕಲ್ಲು ಅಥವಾ ಸಿಮೆಂಟಿನ ನೆಲ ಕೊಡಲಿಯ ಬಾಯಿ ಹಾಳುಮಾಡುತ್ತದೆ.

ಶುರು ಮಾಡುವ ಮೊದಲು ಮೂರು ತಪಾಸಣೆ. ಕೊಡಲಿ ಮತ್ತು ಸಮ್ಮಟಿಗೆಯ ತಲೆ ಅಲುಗಾಡುತ್ತಿದೆಯೇ? ಅಲುಗಾಡಿದರೆ ಕಾವಿನ ತಲೆಗೆ ಹೊಸ ಬೆಣೆಚೂರು ಹೊಡೆಯಿರಿ. ನೀರಿನಲ್ಲಿ ನೆನೆಹಾಕುವುದು ಒಂದು ದಿನದ ಉಪಾಯ. ಒಣಗಿದಾಗ ಕಾವು ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಕಾವಿನಲ್ಲಿ ಸೀಳು ಇದೆಯೇ? ಇದ್ದರೆ ಬದಲಿಸಿ, ದಾರ ಸುತ್ತಿ ಬಳಸಬೇಡಿ. ಬೆಣೆಯ ತಲೆ ಏಟು ತಿಂದು ಅಣಬೆಯ ಕೊಡೆಯಂತೆ ಹರಡಿದೆಯೇ? ಆ ಅಂಚನ್ನು ಸಾಣೆ ಹಿಡಿದು ತೆಗೆಯಿರಿ. ಮುಂದಿನ ಏಟಿಗೆ ಅಲ್ಲಿಂದ ಸಿಡಿಯುವ ಕಬ್ಬಿಣದ ಚೂರು ಚರ್ಮದೊಳಕ್ಕೆ ಹೋಗುವಷ್ಟು ವೇಗ ಪಡೆದಿರುತ್ತದೆ. ಕೊಡಲಿ ಹೊಡೆಯುವವರಿಗಷ್ಟೇ ಅಲ್ಲ, ಹತ್ತಿರ ನಿಂತ ಎಲ್ಲರಿಗೂ ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕು ಎನ್ನುವುದು ಇದಕ್ಕೇ. ಕಾಲಿಗೆ ಗಟ್ಟಿ ಬೂಟು. ಸಡಿಲ ತೋಳು, ನೇತಾಡುವ ಸೆರಗು, ಶಾಲು ಯಾವುದೂ ಬೇಡ.

ಯಾರು ಏನು ಮಾಡಬೇಕು

ಒಂದು ಅಂಗಳದಲ್ಲಿ ಒಂದೇ ಹೊತ್ತಿಗೆ ಒಂದೇ ಕೊಡಲಿ ಅಥವಾ ಒಂದೇ ಸಮ್ಮಟಿಗೆ ಬೀಸಬೇಕು. ಇಬ್ಬರು ಒಂದೇ ದಿಮ್ಮಿಗೆ ಸರದಿಯ ಮೇಲೆ ಹೊಡೆಯುವುದು ನೋಡಲು ಚೆಂದ, ಕಲಿತವರಿಗೆ ಮಾತ್ರ ಸರಿ, ಮನೆಯ ಕೆಲಸಕ್ಕೆ ಬೇಡವೇ ಬೇಡ.

ಕೊರಡಿನ ಸುತ್ತ ನಾಲ್ಕೈದು ಮೀಟರ್ ದೂರಕ್ಕೆ ಹಗ್ಗ ಅಥವಾ ಸುಣ್ಣದ ಗೆರೆ ಹಾಕಿ. ಕೊಡಲಿ ಎತ್ತಿದಾಗ ಗೆರೆಯೊಳಗೆ ಹೊಡೆಯುವವರೊಬ್ಬರೇ ಇರಬೇಕು. ಹೋಳುಗಳು ಸಿಡಿಯುವುದು ಎಡಕ್ಕೆ ಮತ್ತು ಬಲಕ್ಕೆ, ಕೊಡಲಿಯ ತಲೆ ಕಳಚಿದರೆ ಹಾರುವುದು ಮುಂದಕ್ಕೆ ಅಥವಾ ಹಿಂದಕ್ಕೆ. ಹೀಗಾಗಿ ಸುರಕ್ಷಿತ ಬದಿ ಎನ್ನುವುದು ಒಂದೂ ಇಲ್ಲ, ದೂರವೇ ರಕ್ಷಣೆ.

ದಿಮ್ಮಿ ತಂದು ನಿಲ್ಲಿಸುವವರು ಗೆರೆಯೊಳಗೆ ಬರುವಾಗ ಕೊಡಲಿ ನೆಲದ ಮೇಲೆ ಇರಬೇಕು, ಹೆಗಲ ಮೇಲಲ್ಲ. ನಿಲ್ಲಿಸಿ ಹೊರಗೆ ಹೋಗಿ "ಆಯ್ತು" ಎಂದ ಮೇಲೆಯೇ ಕೊಡಲಿ ಏಳಬೇಕು. "ನಿಲ್ಸಿ" ಎಂಬ ಮಾತು ಎಂಟು ವರ್ಷದ ಮಗುವಿನ ಬಾಯಿಂದ ಬಂದರೂ ಕೊಡಲಿ ಕೆಳಗಿಳಿಯಬೇಕು. ಕಾರಣ ಆಮೇಲೆ ಕೇಳಿದರಾಯಿತು.

ನಾರು ನೋಡಿ ಹೊಡೆಯುವ ಗೆರೆ ಗುರುತಿಸುವ ಕೆಲಸ ಅಜ್ಜನಿಗೋ ಅಜ್ಜಿಗೋ ಕೊಡಿ. ಒಂದು ಇದ್ದಿಲ ಚೂರು ಅಥವಾ ಸೀಮೆಸುಣ್ಣ ಸಾಕು. ಹೊಡೆಯುವವರು ದಣಿದಾಗ ಗಂಟು ಕಣ್ಣಿಗೆ ಬೀಳುವುದಿಲ್ಲ, ದೂರ ಕೂತವರಿಗೆ ಬೀಳುತ್ತದೆ. ಸಣ್ಣ ಮಕ್ಕಳು ಗೆರೆಯ ಹೊರಗೆ ತೊಗಟೆ, ಪುಳ್ಳೆ ಆರಿಸಲಿ. ದೊಡ್ಡ ಮಕ್ಕಳು ಒಟ್ಟಲಿ. ಕೊಡಲಿ ಹಿಡಿದವರು 15–20 ನಿಮಿಷಕ್ಕೊಮ್ಮೆ ಬದಲಾಗಲಿ. ಸಮಯ ಆಗದಿದ್ದರೂ, ಗುರಿಯಿಟ್ಟ ಜಾಗ ಬಿಟ್ಟು ಸತತ ಎರಡು ಏಟು ಬಿದ್ದರೆ ಅವರ ಸರದಿ ಮುಗಿಯಿತೆಂದೇ ಲೆಕ್ಕ.

ಸೀಳುವ ಕ್ರಮ

1. ದಿಮ್ಮಿಯ ಎರಡೂ ಮುಖ ನೋಡಿ. ಬಿರುಕು ದೊಡ್ಡದಾಗಿರುವ ಮುಖ ಮೇಲಕ್ಕೆ ಬರಲಿ. ಗಂಟಿದ್ದರೆ ಅದು ಕೆಳಗಿನ ತುದಿಗೆ ಹತ್ತಿರ ಇರುವಂತೆ ನಿಲ್ಲಿಸಿ. ಬಿರುಕು ನೇರ ನಾರಿನಲ್ಲಿ ಶುರುವಾಗಿ ವೇಗ ಪಡೆದ ಮೇಲೆ ಗಂಟನ್ನು ಎದುರಿಸಲಿ. ಗೆರೆ ಗಂಟಿನ ಪಕ್ಕದಿಂದ ಹಾಯಬೇಕು.

2. ಕೊರಡಿನ ಮೇಲೆ ತುಂಡನ್ನು ನಿಮ್ಮಿಂದ ದೂರದ ಅಂಚಿಗೆ ಇಡಿ. ಗುರಿ ತಪ್ಪಿದ ಕೊಡಲಿ ನಿಮ್ಮ ಕಾಲಿಗೆ ಬರುವ ಮೊದಲು ಕೊರಡಿಗೆ ತಗಲುತ್ತದೆ. ಕಾಲುಗಳು ಭುಜದಗಲ, ಎರಡೂ ಸಮ, ಒಂದೂ ಮುಂದಿಲ್ಲ. ತೋಳು ಚಾಚಿ ಕೊಡಲಿಯ ಬಾಯನ್ನು ಗುರಿಯ ಮೇಲೆ ಇಟ್ಟು ದೂರ ಅಳೆಯಿರಿ.

3. ಎತ್ತುವಾಗ ಒಂದು ಕೈ ಕೊಡಲಿಯ ತಲೆಯ ಹತ್ತಿರ ಇರಲಿ. ಇಳಿಸುವಾಗ ಅದು ಜಾರಿ ಕೆಳಗಿನ ಕೈ ಸೇರಲಿ. ಕಣ್ಣು ಗೆರೆಯ ಮೇಲೆ, ಕೊಡಲಿಯ ಮೇಲಲ್ಲ. ತಲೆ ಕೆಳಗಿಳಿಯುವ ಕೊನೆಯ ಗಳಿಗೆಯಲ್ಲಿ ಮೊಣಕಾಲು ಮಡಿಸಿ ಸೊಂಟ ಇಳಿಸಿ. ಮರ ತಗಲುವಾಗ ಕಾವು ನೆಲಕ್ಕೆ ಸಮಾನಾಂತರವಾಗಿದ್ದರೆ ಏಟು ನೆಟ್ಟಗೆ ಇಳಿಯುತ್ತದೆ. ನಿಂತ ಹಾಗೇ ಹೊಡೆದರೆ ಕೊಡಲಿ ಕಮಾನಿನಂತೆ ಹಿಂದಕ್ಕೆ, ನಿಮ್ಮ ಮೊಣಕಾಲ ಕೆಳಗಿನ ಮೂಳೆಯ ಕಡೆಗೆ ಬರುತ್ತದೆ.

4. ನಡುವೆ ಹೊಡೆಯಬೇಡಿ. ನಿಮ್ಮ ಕಡೆಯ ಅಂಚಿನಲ್ಲಿ, ಬಿರುಕಿನ ಗುಂಟ ಹೊಡೆಯಿರಿ. ಅಂಚಿನಲ್ಲಿ ಕೊಡಲಿಯನ್ನು ಹಿಡಿದಿಡುವ ಮರ ಒಂದು ಬದಿಗೆ ಇರುವುದಿಲ್ಲ, ಬಿರುಕು ಬೇಗ ತೆರೆಯುತ್ತದೆ. ಆಚೆ ಅಂಚಿಗೆ ಗುರಿಯಿಟ್ಟರೆ ತಲೆ ದಾಟಿ ಕಾವು ಮರಕ್ಕೆ ಬಡಿಯುತ್ತದೆ. ಕಾವು ಮುರಿಯುವುದು ಹೆಚ್ಚಾಗಿ ಹೀಗೆಯೇ. ಎರಡನೆಯ ಏಟು ಅದೇ ಗೆರೆಯಲ್ಲಿ, ಇನ್ನೊಂದು ಅಂಚಿಗೆ ಬೀಳಬೇಕಾದರೆ ನೀವೇ ಸುತ್ತಿ ಆ ಬದಿಗೆ ಹೋಗಿ.

5. ನಾಲ್ಕೈದು ಒಳ್ಳೆಯ ಏಟಿಗೂ ಗೆರೆ ತೆರೆಯದಿದ್ದರೆ ಅರ್ಧ ಮಾಡುವ ಆಸೆ ಬಿಡಿ. ಅಂಚಿನಿಂದ 8–10 ಸೆಂ.ಮೀ. ಒಳಗೆ, ತೊಗಟೆಗೆ ಸಮನಾಗಿ ಗೆರೆ ಹಿಡಿದು ಒಂದು ಪಟ್ಟಿ ಎಬ್ಬಿಸಿ. ಸುತ್ತಲೂ ಹೀಗೆ ಎಬ್ಬಿಸುತ್ತ ಹೋದರೆ ಕೊನೆಗೆ ನಡುವೆ 15–20 ಸೆಂ.ಮೀ. ಅಗಲದ ತಿರುಳಿನ ಗೂಟ ಉಳಿಯುತ್ತದೆ. ಅದು ಸಣ್ಣದಾದ್ದರಿಂದ ಈಗ ನಡುವಿನಲ್ಲಿ ಹೊಡೆದರೂ ಬಿಡುತ್ತದೆ. ಹುಣಸೆ, ಬೇವಿನಂಥ ಹೆಣೆದ ನಾರಿನ ಮರಕ್ಕೆ ಮೊದಲಿನಿಂದಲೇ ಇದೇ ಕ್ರಮ.

6. ಪಟ್ಟಿಯೂ ಏಳದಿದ್ದರೆ ಬೆಣೆ ತೆಗೆಯಿರಿ. ಕೊಡಲಿಯಿಂದ ಅಥವಾ ಕೈಗರಗಸದಿಂದ 2–3 ಸೆಂ.ಮೀ. ಆಳದ ಕಚ್ಚು ಮಾಡಿ. ಅದರಲ್ಲಿ ಬೆಣೆ ಇಟ್ಟು, ಹಿಡಿದವರೇ ಸಣ್ಣ ಸುತ್ತಿಗೆಯಿಂದ ಅದು ತಾನಾಗಿ ನಿಲ್ಲುವವರೆಗೆ ತಟ್ಟಲಿ. ಆಮೇಲೆ ಕೈ ತೆಗೆದು ಸುತ್ತಲಿನ ಗೆರೆಯ ಹೊರಗೆ ಹೋಗಲಿ. ಒಬ್ಬರು ಬೆಣೆ ಹಿಡಿದು ಇನ್ನೊಬ್ಬರು ಸಮ್ಮಟಿಗೆ ಬೀಸುವುದು ಯಾವ ಕಾರಣಕ್ಕೂ ಇಲ್ಲ, ಇಕ್ಕಳದಲ್ಲಿ ಹಿಡಿದರೂ ಇಲ್ಲ.

7. ಸಮ್ಮಟಿಗೆಯ ಒಂದೊಂದು ಏಟಿನ ನಂತರ ಎರಡು ಕ್ಷಣ ಕಿವಿಗೊಡಿ. ಬೆಣೆ ಕಚ್ಚುತ್ತ ಹೋದಂತೆ ಸದ್ದು ಏರುತ್ತದೆ; ನಡುವೆ ಚಟಚಟ ಕೇಳಿದರೆ ಮರ ತಾನೇ ಬಿಡುತ್ತಿದೆ, ಅವಸರ ಬೇಡ. ಬೆಣೆ ಮೂರನೇ ಎರಡು ಭಾಗ ಇಳಿದೂ ದಿಮ್ಮಿ ತೆರೆಯದಿದ್ದರೆ ಅದೇ ಗೆರೆಯಲ್ಲಿ ಎರಡನೆಯ ಬೆಣೆ ನಿಲ್ಲಿಸಿ, ಎರಡಕ್ಕೂ ಸರದಿಯಲ್ಲಿ ಹೊಡೆಯಿರಿ. ಮೊದಲ ಬೆಣೆಯ ತಲೆ ಮರದ ಮಟ್ಟಕ್ಕೆ ಇಳಿಯಲು ಬಿಡಲೇಬೇಡಿ.

ಕಚ್ಚಿಕೊಂಡಾಗ, ಪುಟಿದಾಗ

ಕೊಡಲಿ ಸಿಕ್ಕಿಕೊಂಡರೆ ಕಾವನ್ನು ಅಕ್ಕಪಕ್ಕ ತಿರುಚಬೇಡಿ. ಕಾವು ಮೊದಲು ಮುರಿಯುವುದು ತಲೆಯ ಪಕ್ಕದ ಕೊರಳಿನಲ್ಲಿ. ಕಾವಿನ ತುದಿಯನ್ನು ಅಂಗೈಯಿಂದ ಕೆಳಗೆ ಮೇಲೆ ತಟ್ಟಿ ಸಡಿಲಿಸಿ. ಆಗದಿದ್ದರೆ ಅದೇ ಗೆರೆಯಲ್ಲಿ ಪಕ್ಕಕ್ಕೆ ಬೆಣೆ ಹೊಡೆದರೆ ಬಾಯಿ ತೆರೆದು ಕೊಡಲಿ ತಾನೇ ಬಿಡುತ್ತದೆ. ಸಿಕ್ಕಿದ ಕೊಡಲಿಯ ಬೆನ್ನಿಗೆ ಸಮ್ಮಟಿಗೆಯಿಂದ ಹೊಡೆಯುವುದು ಬಹಳ ಮನೆಗಳಲ್ಲಿ ಕಾಣುವ ತಪ್ಪು. ಕಾವು ಕೂರುವ ತೂತಿನ ಗೋಡೆ ತೆಳುವಾಗಿರುವುದರಿಂದ ಅದು ಹರಡುತ್ತದೆ ಅಥವಾ ಬಿರಿಯುತ್ತದೆ, ಮತ್ತೆ ಆ ತಲೆಯಲ್ಲಿ ಯಾವ ಕಾವೂ ಬಿಗಿಯಾಗಿ ಕೂರುವುದಿಲ್ಲ. ಎರಡು ಗಟ್ಟಿ ಉಕ್ಕು ಒಂದಕ್ಕೊಂದು ಬಡಿದಾಗ ಚೂರು ಸಿಡಿಯುವ ಅಪಾಯವೂ ಇದೆ.

ಬೆಣೆಗಳೆರಡೂ ಸಿಕ್ಕಿಕೊಂಡರೆ ದಿಮ್ಮಿಯ ಬದಿ ನೋಡಿ. ತೊಗಟೆಯಲ್ಲಿ ಮೇಲಿನಿಂದ ಇಳಿದ ಕೂದಲೆಳೆಯ ಬಿರುಕು ಎಲ್ಲೋ ಇರುತ್ತದೆ. ಹಾರೆಯಿಂದ ದಿಮ್ಮಿಯನ್ನು ಮಲಗಿಸಿ, ಉರುಳದಂತೆ ಎರಡೂ ಕಡೆ ಹೋಳು ಒತ್ತಿಟ್ಟು, ಆ ಬಿರುಕಿಗೆ ಮರದ ಬೆಣೆ ಹೊಡೆಯಿರಿ. ಕಬ್ಬಿಣದ ಬೆಣೆಗಳು ಸಡಿಲವಾಗುತ್ತಲೇ ತೆಗೆದು ಮುಂದಿನ ಜಾಗಕ್ಕೆ ಒಯ್ಯಿರಿ.

ಹಸಿ ಮರದಲ್ಲಿ ಬೆಣೆ ಹಾರಿ ಹೊರಬರುವುದು ಇನ್ನೊಂದು ಕಾಟ. ಕಚ್ಚಿನ ಆಳ ಸಾಲದು, ಅಥವಾ ಬೆಣೆಯ ಬಾಯಿ ಮೊಂಡಾಗಿದೆ. ಅರದಿಂದ ಬಾಯಿ ಹರಿತ ಮಾಡಿ. ಬೆಣೆಯ ಎರಡೂ ಕೆನ್ನೆಗೆ ಒಣ ಮಣ್ಣು ಉಜ್ಜಿದರೆ ಹಿಡಿತ ಬರುತ್ತದೆ. ಮೊದಲ ಹತ್ತು ಏಟು ಮೆಲ್ಲಗೆ ಇರಲಿ.

ದಿಮ್ಮಿ ತೆರೆದ ಮೇಲೂ ಎರಡು ಹೋಳನ್ನು ಎಳೆಗಳು ಹಿಡಿದಿರುತ್ತವೆ. ಸಂದಿನೊಳಗೆ ಬೆರಳು ಹಾಕಬೇಡಿ, ಬೆಣೆ ಜಾರಿದರೆ ಸಂದು ಮುಚ್ಚುತ್ತದೆ. ಮರದ ಬೆಣೆಯೊಂದನ್ನು ಒಳಗೆ ಬಿಟ್ಟು ಎಳೆಗಳನ್ನು ಕೈಗೊಡಲಿಯಿಂದ ಕಡಿಯಿರಿ.

ಕವಲು ಮತ್ತು ಉದ್ದ ದಿಮ್ಮಿ

ಕವಲಿನ ತುಂಡನ್ನು ಎರಡು ಕೊಂಬೆ ಬೇರೆಯಾಗುವಂತೆ ಸೀಳಲು ಹೋಗುವುದು ಸಹಜ ಅನ್ನಿಸುತ್ತದೆ. ಮರ ತನ್ನ ಬಲವನ್ನೆಲ್ಲ ಇಟ್ಟಿರುವುದು ಆ ಸಂದಿಯಲ್ಲೇ. ತುಂಡನ್ನು ತಲೆಕೆಳಗಾಗಿ, ಅಂದರೆ ಕಾಂಡದ ಮುಖ ಮೇಲೆ ಬರುವಂತೆ ನಿಲ್ಲಿಸಿ. ಗೆರೆಯನ್ನು ಎರಡೂ ಕೊಂಬೆಗಳ ತಿರುಳಿನ ಮೂಲಕ ಹಾಯುವಂತೆ ಹಿಡಿಯಿರಿ. ಒಂದೊಂದು ಹೋಳಿನಲ್ಲೂ ಎರಡೂ ಕೊಂಬೆಯ ಅರ್ಧರ್ಧ ಉಳಿಯಬೇಕು. ಆಮೇಲೂ ಬಿಡದಿದ್ದರೆ ಮಾತ್ರ ಗರಗಸ.

ಮೀಟರಿಗಿಂತ ಉದ್ದದ ದಿಮ್ಮಿಯನ್ನು ಮಲಗಿಸಿಯೇ ಸೀಳಬೇಕು. ಒಂದು ತುದಿಯ ಮುಖದಲ್ಲಿ ಒಂದು ಬೆಣೆ ಹೊಡೆದು ಬದಿಯಲ್ಲಿ ಬಿರುಕು ಎಬ್ಬಿಸಿ. ಬಿರುಕಿನ ಮೇಲೆ 30–40 ಸೆಂ.ಮೀ. ಮುಂದೆ ಎರಡನೆಯದು, ಅದರಾಚೆ ಮೂರನೆಯದು, ಅಷ್ಟರಲ್ಲಿ ಮೊದಲನೆಯದು ಬಿಟ್ಟಿರುತ್ತದೆ, ಅದನ್ನು ಮುಂದಕ್ಕೆ. ಹೊಡೆಯುವವರು ಯಾವಾಗಲೂ ದಿಮ್ಮಿಯ ಒಂದೇ ಬದಿಯಲ್ಲಿ, ಅದು ಉರುಳಿದರೆ ತಪ್ಪಿಸಿಕೊಳ್ಳುವ ಕಡೆ ನಿಲ್ಲಬೇಕು.

ಹಳೆಯ ಟೈರ್ ಮತ್ತು ಪುಳ್ಳೆ

ಕೊರಡಿನ ಮೇಲೆ ಹಳೆಯ ಕಾರಿನ ಟೈರ್ ಇಟ್ಟು ಅದರೊಳಗೆ ತುಂಡುಗಳನ್ನು ನಿಲ್ಲಿಸಿದರೆ ಸೀಳಿದ ಹೋಳು ಸಿಡಿಯುವುದಿಲ್ಲ, ಪ್ರತಿ ಏಟಿಗೂ ಬಗ್ಗಿ ಆರಿಸುವ ಕೆಲಸ ತಪ್ಪುತ್ತದೆ. ಮಕ್ಕಳಿರುವ ಅಂಗಳಕ್ಕೆ ಇದು ತುಂಬ ಒಳ್ಳೆಯದು. ತುಂಡಿನ ತಲೆ ಟೈರಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಕಾವು ರಬ್ಬರಿಗೆ ಬಡಿದು ಪುಟಿಯುತ್ತದೆ.

ಹದಿಹರೆಯದವರಿಗೆ ಕೊಡಲಿ ಕಲಿಸುವುದಾದರೆ ಹಟಮಾರಿ ದಿಮ್ಮಿಯಿಂದ ಶುರು ಮಾಡಬೇಡಿ. 1.5 ಕಿಲೋ ಆಸುಪಾಸಿನ ಕೊಡಲಿ, ಟೈರ್, 15 ಸೆಂ.ಮೀ. ಅಗಲದ ನೇರ ತುಂಡು. ಸಣ್ಣ ಪುಳ್ಳೆ ಸೀಳುವಾಗ ತುಂಡನ್ನು ಕೈಯಲ್ಲಿ ಹಿಡಿದು ಹೊಡೆಯುವ ಚಾಳಿ ಬೆಳೆಯದಂತೆ ನೋಡಿಕೊಳ್ಳಿ. ಕೈಗೊಡಲಿಯ ಬಾಯನ್ನು ತುಂಡಿನ ತುದಿಗೆ ಒತ್ತಿಟ್ಟು, ಎರಡನ್ನೂ ಒಟ್ಟಿಗೆ ಎತ್ತಿ ಕೊರಡಿಗೆ ಕುಟ್ಟಿದರೆ ಬೆರಳು ಬಾಯಿಯ ದಾರಿಗೆ ಬರುವುದೇ ಇಲ್ಲ.

ಒಟ್ಟುವುದು

ಒಲೆಗೆ 8ರಿಂದ 15 ಸೆಂ.ಮೀ. ದಪ್ಪದ ಸೀಳು ಸರಿ. ನೆಲದಿಂದ ಒಂದು ಗೇಣು ಎತ್ತರಕ್ಕೆ ಎರಡು ಮರ ಅಡ್ಡ ಇಟ್ಟು ಅದರ ಮೇಲೆ ಒಟ್ಟಿ. ಮೇಲೆ ಮಾತ್ರ ಹೊದಿಸಿ, ಬದಿಗಳಲ್ಲಿ ಗಾಳಿ ಆಡಲಿ. ಮಕ್ಕಳು ಓಡಾಡುವಲ್ಲಿ ಒಟ್ಟಿಲು ಒಂದು ಮೀಟರಿಗಿಂತ ಎತ್ತರ ಬೇಡ. ಚೆನ್ನಾಗಿ ಉರಿಯಲು ತೇವ 20 ಶೇಕಡಕ್ಕಿಂತ ಕೆಳಗಿಳಿಯಬೇಕು. ಗಟ್ಟಿ ಮರಕ್ಕೆ ಒಂದರಿಂದ ಎರಡು ವರ್ಷ ಬೇಕಾಗಬಹುದು. ಗಂಟಿನ ಹೋಳುಗಳನ್ನು ಬೇರೆ ಒಟ್ಟಿ, ಅವು ಎಲ್ಲಕ್ಕಿಂತ ತಡವಾಗಿ ಒಣಗುತ್ತವೆ, ಎಲ್ಲಕ್ಕಿಂತ ಹೆಚ್ಚು ಹೊತ್ತು ಉರಿಯುತ್ತವೆ.

ಏನು ಮಾಡಿದರೂ ಸೀಳದ ಒಂದೆರಡು ತುಂಡು ಉಳಿದರೆ ಅವುಗಳಲ್ಲಿ ಸಮತಟ್ಟಾದದ್ದನ್ನು ಮುಂದಿನ ವರ್ಷದ ಅಡಿಕೊರಡಿಗೆ ತೆಗೆದಿಡಿ. ಸೀಳದಿರುವುದೇ ಅಡಿಕೊರಡಿಗೆ ಬೇಕಾದ ಗುಣ. ಎದ್ದು ಹೋಗುವ ಮೊದಲು ಬೆಣೆಗಳನ್ನು ಎಣಿಸಿ. ಚಕ್ಕೆಯ ರಾಶಿಯಲ್ಲಿ ಹೂತುಹೋದ ಬೆಣೆ ಮುಂದೆ ಯಾರದೋ ಕಾಲಿಗೆ ಇಲ್ಲವೇ ಗರಗಸದ ಹಲ್ಲಿಗೆ ಸಿಗುತ್ತದೆ.